ತಾರಸಿಯ ಪಾಲು

ಕಾಡುಗೋಡಿ
14 ಮಾರ್ಚ್ 2025

ತಂಗಿ ಕೃಷ್ಣಮ್ಮನಿಗೆ ಅಣ್ಣ ನಲ್ಲಪ್ಪನ ಆಶೀರ್ವಾದ.

ಇದರ ಜೊತೆ ಇರುವ ಇಂಗ್ಲಿಷ್ ನೋಟಿಸು ನಮ್ಮ ಮುನೇಶ್ವರ ರೆಸಿಡೆನ್ಸಿಯ ಮಾಲೀಕರ ಸಂಘದ್ದು. ಬೇರೆ ಊರಿನಲ್ಲಿರುವ ಮಾಲೀಕರಿಗೆ ರಿಜಿಸ್ಟರ್ ಪೋಸ್ಟಿನಲ್ಲೇ ಕಳಿಸಬೇಕೆಂದು ನಿಯಮವಿದೆ. ಬರೀ ನೋಟಿಸು ನೋಡಿದರೆ ಗಾಬರಿಯಾಗುತ್ತೀಯ ಎಂದು ಅಧ್ಯಕ್ಷನಾದ ನಾನೇ ನಾಲ್ಕು ಸಾಲು ಬರೆಯುತ್ತಿದ್ದೇನೆ.

ಕಟ್ಟಡಕ್ಕೆ ಹನ್ನೆರಡು ವರ್ಷವಾಯಿತು. ತಾರಸಿ ಸೋರುತ್ತಿದೆ. ನಾಲ್ಕನೇ ಮಹಡಿಯ ಆರೂ ಮನೆಗಳ ಸೂರಿಗೆ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಎಂಜಿನಿಯರ್ ಬಂದು ನೋಡಿ, ಮೇಲಿನ ಪದರ ಪೂರ್ತಿ ಕಿತ್ತು ಹೊಸದು ಹಾಕಬೇಕು, ಹದಿನೆಂಟು ಲಕ್ಷ ಆಗುತ್ತದೆ ಎಂದರು. ಮೊನ್ನೆ ಭಾನುವಾರ ಮೀಟಿಂಗ್ ಮಾಡಿ ವೋಟಿಗೆ ಹಾಕಿದೆವು. ತಾರಸಿಯ ಕೆಳಗೆ ಯಾರ ಮನೆ ಇದೆಯೋ ಅವರೇ ರಿಪೇರಿ ಮಾಡಿಸಿಕೊಳ್ಳಬೇಕು ಎಂದು ಬಹುಮತದಿಂದ ತೀರ್ಮಾನವಾಯಿತು. ಆರು ಮನೆಗೆ ತಲಾ ಮೂರು ಲಕ್ಷ. ನಿನ್ನ 401ಕ್ಕೂ ಅಷ್ಟೇ. ಮೊದಲ ಒಂದು ಲಕ್ಷ ಏಪ್ರಿಲ್ ಕೊನೆಯೊಳಗೆ ಕಟ್ಟಬೇಕು.

ಇದು ನಾನೊಬ್ಬನೇ ಮಾಡಿದ್ದಲ್ಲ. ಆದರೂ ಅಂಗನವಾಡಿಯಲ್ಲಿ ನಿನಗೆ ಬರುವುದೆಷ್ಟು ಎಂದು ನನಗೆ ಗೊತ್ತಿಲ್ಲವೇ? ಅದಕ್ಕೆ ಒಂದು ದಾರಿ ಇದೆ. ಮನೆಯನ್ನು ನನ್ನ ಹೆಸರಿಗೆ ಬರೆದುಕೊಡು. ಹನ್ನೆರಡು ಲಕ್ಷ ಕೊಡುತ್ತೇನೆ. ರಿಪೇರಿಯ ತಲೆನೋವು ನನಗಿರಲಿ. ಒಡಹುಟ್ಟಿದವಳು ಎಂದು ಹೇಳುತ್ತಿದ್ದೇನೆ.

ಭಾವನನ್ನು ಕೇಳಿದೆನೆಂದು ಹೇಳು. ನಿಮ್ಮತ್ತಿಗೆ ಲಕ್ಷ್ಮಮ್ಮ ಚೆನ್ನಾಗಿದ್ದಾಳೆ.

ನಲ್ಲಪ್ಪ


ಮುಳಬಾಗಿಲು
22 ಮಾರ್ಚ್ 2025

ಅಣ್ಣನಿಗೆ ಕೃಷ್ಣಮ್ಮನ ನಮಸ್ಕಾರ.

ಕಾಗದ ತಲುಪಿತು. ಆಮೇಲೆ ನೀನು ನಾಲ್ಕು ಸಲ ಫೋನ್ ಮಾಡಿದ್ದೀಯ. ನಾನು ಎತ್ತಲಿಲ್ಲ, ಎತ್ತುವುದೂ ಇಲ್ಲ. ಮಾತಿಗೆ ಮಾತು ಬೆಳೆದರೆ ನಾನು ಅಳುತ್ತೇನೆ, ನೀನು ಗೆಲ್ಲುತ್ತೀಯ. ಕಾಗದದಲ್ಲಾದರೆ ಅಳು ಕೇಳಿಸುವುದಿಲ್ಲ. ಇನ್ನು ಏನಿದ್ದರೂ ಬರೆದು ಕಳಿಸು.

ತಾರಸಿ ಕಟ್ಟಿದ್ದು ನಾಲ್ಕನೇ ಮಹಡಿಯವರು ಮಾತ್ರ ನೆನೆಯದಿರಲಿ ಎಂದೇ? ನಿನ್ನ ಏಳೂ ಮನೆಗಳು ಕೆಳಗಿನ ಮೂರು ಮಹಡಿಗಳಲ್ಲಿವೆ. ನನ್ನ ಸೂರೇ ಅವಕ್ಕೂ ಸೂರು. ನಾಳೆ ಕೆಳಗಿನ ಪಿಲ್ಲರ್ ಬಿರುಕು ಬಿಟ್ಟರೆ ಮೊದಲ ಮಹಡಿಯವರೇ ಸರಿಮಾಡಿಸಿಕೊಳ್ಳಲಿ ಎನ್ನುತ್ತೀಯಾ?

ಟ್ರಂಕಿನಿಂದ ನನ್ನ ಮನೆಯ ನೋಂದಣಿ ಪತ್ರ ತೆಗೆದು ಮೂರು ಸಂಜೆ ಕೂತು ಓದಿದೆ. ತಾರಸಿ, ಮೆಟ್ಟಿಲು, ಲಿಫ್ಟು, ಸಂಪು ಎಲ್ಲವೂ ಇಪ್ಪತ್ತನಾಲ್ಕು ಮನೆಗಳಿಗೂ ಸೇರಿದ್ದು, ಅವುಗಳ ಖರ್ಚನ್ನು ಅವರವರ ಮನೆಯ ಚದರಡಿಗೆ ತಕ್ಕಂತೆ ಎಲ್ಲರೂ ಹೊರಬೇಕು ಎಂದು ಅದರಲ್ಲಿ ಬರೆದಿದೆ. ಹಾಗೆ ಹಂಚಿದರೆ ನನ್ನ ಆರುನೂರು ಚದರಡಿಗೆ ನಲವತ್ತು ಸಾವಿರ ಬರುತ್ತದೆ. ನೀನು ಕೇಳುತ್ತಿರುವುದು ಮೂರು ಲಕ್ಷ. ನಲವತ್ತು ಸಾವಿರವನ್ನು ನಾನು ಸಾಲ ಮಾಡಿಯಾದರೂ ಕಟ್ಟುತ್ತೇನೆ.

ಇನ್ನೊಂದು ವಿಷಯ. ನನ್ನ ಮನೆಯಲ್ಲಿ ಬಾಡಿಗೆಗಿರುವ ಯಮನೂರ ಗಾರೆ ಕೆಲಸದವನು, ಕೊಪ್ಪಳದ ಕಡೆಯವನು. ಸೂರಿನಲ್ಲಿ ನೀರು ಇಳಿಯುತ್ತಿದೆ ಎಂದು ಅವನೇ ತಾರಸಿ ಹತ್ತಿ ನೋಡಿದ್ದಾನೆ. ಅಲ್ಲಿ ನಿಂತಿರುವ ಮೊಬೈಲ್ ಟವರಿನ ಬುಡದಲ್ಲಿ ಏನಿದೆ ಎಂದು ಫೋನಿನಲ್ಲಿ ಹೇಳಿದ.

"ಅಕ್ಕಾರ, ಇದು ಬರೇ ಮಳಿ ತಪ್ಪಲ್ರೀ. ಟವರ್ ನಿಲ್ಸಾಕ ಸ್ಲ್ಯಾಬಿಗೆ ತೂತು ಹೊಡದು ಬೋಲ್ಟ್ ಹಾಕ್ಯಾರ. ಆ ತೂತಿನಾಗಿಂದ್ಲೇ ನೀರು ಇಳಿಯಾಕತ್ತೈತಿ."

ಆ ಟವರಿನ ಬಾಡಿಗೆ ಯಾರಿಗೆ ಬರುತ್ತದೆ? ಎಂಜಿನಿಯರ್ ಕೊಟ್ಟ ವರದಿ ಮತ್ತು ಮೀಟಿಂಗಿನ ನಡಾವಳಿ ಎರಡರ ನಕಲೂ ನನಗೆ ಬೇಕು.

ಮನೆ ಮಾರುವುದಿಲ್ಲ.

ಕೃಷ್ಣಮ್ಮ


ಕಾಡುಗೋಡಿ
31 ಮಾರ್ಚ್ 2025

ಕೃಷ್ಣಮ್ಮನಿಗೆ,

ಅಣ್ಣನಿಗೆ ಲೆಕ್ಕ ಹೇಳಿಕೊಡುವಷ್ಟು ದೊಡ್ಡವಳಾದೆ, ಸಂತೋಷ. ಇದು ನಿನ್ನ ಮಾತಲ್ಲ. ಟೊಮೆಟೊ ಮಂಡಿಯಲ್ಲಿ ಕೂತು ಊರ ಪಂಚಾಯಿತಿ ಮಾಡುವ ನಮ್ಮ ಭಾವನ ಮಾತು.

ಟವರಿಗೂ ಸೋರುವುದಕ್ಕೂ ಸಂಬಂಧವಿಲ್ಲ. ಗಾರೆ ಕಲಸುವವನ ಮಾತು ನಿನಗೆ ವೇದ, ಎಂಜಿನಿಯರ್ ಹೇಳಿದ್ದು ಕಸ. ತಾರಸಿಯ ಹಕ್ಕು ನನ್ನದು ಎಂದು ಬಿಲ್ಡರ್ ಜೊತೆ ನಾನು ಮಾಡಿಕೊಂಡ ಒಪ್ಪಂದದಲ್ಲಿದೆ. ನೆಲ ನನ್ನದು. ನನ್ನ ನೆಲದ ಮೇಲೆ ಏಳಿಸಿದ ಕಟ್ಟಡದ ನೆತ್ತಿ ಇನ್ಯಾರದ್ದು? ಐಟಿ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದು ಮನೆ ತೆಗೆದುಕೊಂಡ ಹುಡುಗರು ನನಗೆ ರೂಲ್ಸ್ ಹೇಳಲು ಬರುತ್ತಾರೆ. ಈಗ ನೀನೂ ಅವರ ಸಾಲಿನಲ್ಲಿ ನಿಂತೆ.

ನಡಾವಳಿ ಕಳಿಸಲು ಆಗುವುದಿಲ್ಲ. ಅದು ಇಂಗ್ಲಿಷಿನಲ್ಲಿದೆ, ನಿನಗೆ ಅರ್ಥವಾಗುವುದಿಲ್ಲ. ಏಪ್ರಿಲ್ ಕೊನೆಯೊಳಗೆ ಕಟ್ಟದಿದ್ದರೆ ತಿಂಗಳಿಗೆ ಎರಡು ಪರ್ಸೆಂಟ್ ಬಡ್ಡಿ. ಆಮೇಲೆ ನೀರಿನ ಲೈನ್ ಕಟ್ ಮಾಡಿಸುತ್ತಾರೆ. ಆಗ ನನ್ನನ್ನು ಕೇಳಬೇಡ.

ನಲ್ಲಪ್ಪ


ಮುಳಬಾಗಿಲು
19 ಏಪ್ರಿಲ್ 2025

ಅಣ್ಣನಿಗೆ,

ನೀನು ಕಳಿಸದ ನಡಾವಳಿಯನ್ನು ಸಂಘದ ಕಾರ್ಯದರ್ಶಿ ಕೃಪಾ ಮೇಡಂ ಕಳಿಸಿದರು. ನಾನು ಕನ್ನಡದಲ್ಲೇ ಅರ್ಜಿ ಬರೆದೆ. ಮಾಲೀಕರು ಯಾರು ಕೇಳಿದರೂ ಕೊಡಲೇಬೇಕು ಎಂದು ಉತ್ತರ ಬಂತು. ಇಂಗ್ಲಿಷನ್ನು ನಮ್ಮ ಹೈಸ್ಕೂಲ್ ಮೇಷ್ಟ್ರು ಸಾಲು ಸಾಲಾಗಿ ಓದಿ ಹೇಳಿದರು. ಅವರೆದುರಿಗೆ ನನ್ನ ಮಾನ ಹೋಯಿತು. ಯಾಕೆಂದು ನಿನಗೆ ಗೊತ್ತಿದೆ.

ನಿನ್ನ ತೀರ್ಮಾನದ ಪರ ಹದಿಮೂರು ವೋಟು, ವಿರುದ್ಧ ಹನ್ನೊಂದು. ಹದಿಮೂರರಲ್ಲಿ ನಿನ್ನ ಏಳು, ಅತ್ತಿಗೆಯ ಹೆಸರಿನಲ್ಲಿರುವ 203, ಕೆಳಗಿನ ಮಹಡಿಗಳ ಇನ್ನು ನಾಲ್ವರು. ಹದಿಮೂರನೆಯದು 401. ನನ್ನದು. ನನ್ನ ಮೇಲೆ ಮೂರು ಲಕ್ಷ ಹೊರಿಸಲು ನನ್ನ ವೋಟನ್ನೇ ಹಾಕಿದ್ದೀಯ.

ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದು ಕೇಳಿದರು, "ಏನಮ್ಮಾ, ನೀವೇ ಒಪ್ಕೊಂಡು ಈಗ ತಕರಾರು ಮಾಡ್ತಿದ್ದೀರಲ್ಲ?" ನನ್ನ ಅಣ್ಣ ಹೀಗೆ ಮಾಡಿದ ಎಂದು ಹೊರಗಿನವರ ಎದುರು ಹೇಳಲು ನಾಲಿಗೆ ಏಳಲಿಲ್ಲ. ಮರೆತಿದ್ದೆ ಎಂದು ಸುಳ್ಳು ಹೇಳಿ ಬಂದೆ.

2011ರಲ್ಲಿ ಅಪ್ಪನ ವರ್ಷಾಬ್ದಿ ಮುಗಿದ ವಾರ ನೀನು ನನ್ನನ್ನು ರಿಜಿಸ್ಟ್ರಾರ್ ಕಚೇರಿಗೆ ಕರೆಸಿದೆ. ನೀಲಗಿರಿ ತೋಪಿನ ಪಕ್ಕದ ಇಪ್ಪತ್ತು ಗುಂಟೆಯಲ್ಲಿ ನನಗಿದ್ದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ನಾನು ರುಜು ಹಾಕಿದೆ. "ನಿಂಗೊಂದು ಮನೆ ಮಾಡಿಸ್ಕೊಡ್ತೀನಿ ಕಣಮ್ಮ, ನಂಬು" ಎಂದು ನೀನು ಹೇಳಿದೆ. ಆ ನೆಲದಲ್ಲಿ ಕಟ್ಟಡ ಎಬ್ಬಿಸಿದ ಬಿಲ್ಡರ್ ನಿನಗೆ ಒಂಬತ್ತು ಮನೆ ಕೊಟ್ಟ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು, ಬಿಸಿಲಿಗೆ ಕಾಯುವ, ಮಳೆಗೆ ಸೋರುವ ಮೇಲಿನದು ನನಗೆ ಬಂತು. ಆಗಲೂ ನಾನು ಬಾಯಿಬಿಡಲಿಲ್ಲ. ಮನೆಯ ರಿಜಿಸ್ಟ್ರೇಷನ್ ದಿನ ಇನ್ನೊಂದು ಕಾಗದ ಮುಂದಿಟ್ಟೆ. ಮೀಟಿಂಗಿಗೆ ಬರಲಾಗದಿದ್ದಾಗ ನನ್ನ ಪರವಾಗಿ ನೀನು ವೋಟು ಹಾಕಲು ಒಪ್ಪಿಗೆ ಎಂದೆ. ಊರಿನಿಂದ ಓಡಾಡುವ ಕಷ್ಟ ತಪ್ಪಿಸಿದ ಎಂದು ಆ ದಿನ ನಿನಗೆ ಕೈಮುಗಿದಿದ್ದೆ.

ನೆಲ ನನ್ನದು ಎಂದು ಬರೆದಿದ್ದೀಯ. ಆ ನೆಲದ ರಾಗಿ ಹೊಲದಲ್ಲಿ ನಿನಗಿಂತ ಹೆಚ್ಚು ಕಳೆ ಕಿತ್ತವಳು ನಾನು. ನೀನು ಆಗ ಶಾಲೆಗೆ ಹೋಗುತ್ತಿದ್ದೆ.

ಟವರ್ ಕಂಪನಿಯವರು ಕರೆಂಟಿನ ವಿಚಾರಕ್ಕೆ ಸಂಘಕ್ಕೆ ಬರೆದ ಪತ್ರದ ನಕಲೂ ಬಂದಿದೆ. ತಿಂಗಳಿಗೆ ಇಪ್ಪತ್ತೆರಡು ಸಾವಿರ, ನಿನ್ನ ಖಾತೆಗೆ. ಈ ಜನವರಿಯಲ್ಲಿ ಮತ್ತೆ ಹತ್ತು ವರ್ಷಕ್ಕೆ ಒಪ್ಪಂದ ಮಾಡಿಕೊಂಡಿದ್ದೀಯ. ಬೋಲ್ಟ್ ಹೊಡೆದ ತೂತು ನಮ್ಮ ಪಾಲಿಗೆ, ಬಾಡಿಗೆ ನಿನ್ನ ಪಾಲಿಗೆ.

ನಾನು ಕೊಟ್ಟಿದ್ದ ಒಪ್ಪಿಗೆ ಪತ್ರವನ್ನು ಇವತ್ತಿಗೆ ರದ್ದು ಮಾಡಿದ್ದೇನೆ. ಅದರ ಪ್ರತಿ ಕೃಪಾ ಮೇಡಂಗೂ ಹೋಗಿದೆ. ಇನ್ನು ನನ್ನ ವೋಟನ್ನು ನಾನೇ ಬಂದು ಹಾಕುತ್ತೇನೆ.

ಕೃಷ್ಣಮ್ಮ


ಕಾಡುಗೋಡಿ
24 ಮೇ 2025

ಕೃಷ್ಣಮ್ಮನಿಗೆ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಬಾರದು ಎಂದಿದ್ದೆ. ಈಗ ಅನಿವಾರ್ಯವಾಗಿದೆ.

ಮೊನ್ನೆ ಜೋರು ಮಳೆಗೆ ನಿನ್ನ ಮನೆಯ ಅಡುಗೆ ಜಾಗದಲ್ಲಿ ಸೂರಿನ ಗಾರೆ ಸ್ವಲ್ಪ ಉದುರಿದೆ. ಬಾಡಿಗೆಯವನ ಹೆಂಡತಿ ಮಹಾನಂದಾ ಅಲ್ಲೇ ಇದ್ದಳಂತೆ. ತರಚು ಗಾಯ. ಆಸ್ಪತ್ರೆಗೆ ಕಳಿಸಿ ಪಟ್ಟಿ ಹಾಕಿಸಿದ್ದಾಯಿತು. ದೊಡ್ಡದು ಮಾಡುವಂಥದ್ದೇನಲ್ಲ.

ಆದರೆ ಮನೆಯ ಮಾಲೀಕಳು ನೀನು. ಮೂರು ಲಕ್ಷ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಕೆಲಸ ಶುರುವಾಗುತ್ತಿತ್ತು. ಅವರು ಪೊಲೀಸರ ಹತ್ತಿರ ಹೋದರೆ ಕರೆಯುವುದು ನಿನ್ನನ್ನು. ಮೊದಲು ಅವರನ್ನು ಖಾಲಿ ಮಾಡಿಸು. ಹನ್ನೆರಡು ಲಕ್ಷದ ಮಾತು ಈಗಲೂ ಇದೆ. ಮಳೆಗಾಲ ಕಳೆದರೆ ಅಷ್ಟಕ್ಕೂ ಯಾರೂ ಕೇಳುವುದಿಲ್ಲ.

ನಲ್ಲಪ್ಪ


ಮುಳಬಾಗಿಲು
29 ಮೇ 2025

ನಲ್ಲಪ್ಪನವರಿಗೆ,

ನಿನ್ನ ಕಾಗದ ಬಂದ ಮಾರನೇ ದಿನ ಬೆಳಗಿನ ಬಸ್ಸಿಗೆ ಹೊರಟು ಕಾಡುಗೋಡಿಗೆ ಬಂದಿದ್ದೆ. ನೀನು ಊರಲ್ಲಿರಲಿಲ್ಲ. ಇರದಿದ್ದದ್ದೇ ಒಳ್ಳೆಯದಾಯಿತು.

ತರಚು ಗಾಯ ಎಂದು ಬರೆದಿದ್ದೀಯ. ಮಹಾನಂದಾಳ ತಲೆಗೆ ಏಳು ಹೊಲಿಗೆ ಬಿದ್ದಿದೆ. ಬಲ ಹೆಗಲಿನ ಮೂಳೆ ಮುರಿದಿದೆ. ರೊಟ್ಟಿ ಬಡಿಯುತ್ತಾ ಕೂತಿದ್ದವಳ ಮೇಲೆ ಬಾಗಿಲಿನಷ್ಟು ಅಗಲದ ಗಾರೆ ಬಿದ್ದಿದೆ. ಒಂದು ಮೊಳ ಆಚೆ ಬಿದ್ದಿದ್ದರೆ ಒಲೆಯ ಮೇಲೆ ಬೀಳುತ್ತಿತ್ತು. ಅವಳು ಮನೆಗೆಲಸಕ್ಕೆ ಹೋಗುತ್ತಿದ್ದ ಮೂರು ಮನೆಗಳಲ್ಲಿ ಎರಡರವರು ಆಗಲೇ ಬೇರೆಯವರನ್ನು ಇಟ್ಟುಕೊಂಡಿದ್ದಾರೆ.

ಯಮನೂರ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ. "ನೀವರ ಏನ್ ಮಾಡ್ತೀರಿ ಅಕ್ಕಾರ, ನಿಮ್ಮನಿ ನಿಮ್ ಕೈಯಾಗ ಇಲ್ಲ" ಎಂದ. ಹದಿನಾಲ್ಕು ವರ್ಷದಿಂದ ನನಗೆ ತಿಳಿಯದಿದ್ದದ್ದು ಎರಡು ವರ್ಷ ಬಾಡಿಗೆಗಿದ್ದವನಿಗೆ ತಿಳಿದಿದೆ.

ಬಿದ್ದ ಜಾಗವನ್ನು ಸ್ಟೂಲ್ ಹಾಕಿಕೊಂಡು ಹತ್ತಿ ನೋಡಿದೆ. ಕಬ್ಬಿಣ ಬೆರಳಲ್ಲಿ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ತಾರಸಿಗೆ ಹೋಗಿ ನೋಡಿದರೆ ಅದರ ನೇರಕ್ಕೇ ನಿನ್ನ ಟವರಿನ ಒಂದು ಕಾಲಿದೆ. ಅಲ್ಲಿ ಬೊಗಸೆ ನೀರು ನಿಂತಿತ್ತು.

ಅವರನ್ನು ನಾನು ಖಾಲಿ ಮಾಡಿಸುವುದಿಲ್ಲ. ಎರಡು ತಿಂಗಳ ಬಾಡಿಗೆ ಬೇಡ ಎಂದಿದ್ದೇನೆ. ನನ್ನ ಕಿವಿಯ ಓಲೆ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದೆ. ಅದಕ್ಕೆ ರಶೀದಿ ಇದೆ, ಕೇಳುವ ದಿನ ಕೇಳುತ್ತೇನೆ.

ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದವರು ಯಾರು ಎಂದು ನೀನು ಬರೆದಿಲ್ಲ. ಹಾಗಾದರೆ ನಾನೂ ಬರೆಯುವುದಿಲ್ಲ.

ಜುಲೈ ಹದಿಮೂರಕ್ಕೆ ಸಂಘದ ಮೀಟಿಂಗ್ ಇದೆ ಎಂದು ಕೇಳಿದೆ. ಬರುತ್ತೇನೆ.

ಕೃಷ್ಣಮ್ಮ


ಕಾಡುಗೋಡಿ
15 ಜುಲೈ 2025

ಕೃಷ್ಣಮ್ಮನಿಗೆ,

ಇಪ್ಪತ್ತನಾಲ್ಕು ಮನೆಯವರು ಕೂತಿರುವಾಗ ನಡುವೆ ಎದ್ದು ನಿಂತು "ಈ ವಯ್ಯ ನನ್ ವೋಟು ಕದ್ದವ್ನೆ" ಎಂದೆಯಲ್ಲ, ನಮ್ಮಪ್ಪ ಬದುಕಿದ್ದರೆ ಅಲ್ಲೇ ನಾಲಿಗೆ ಕತ್ತರಿಸುತ್ತಿದ್ದ. ನೆನ್ನೆ ಮೊನ್ನೆ ಬಂದ ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಲು ನೀನು ಮುಳಬಾಗಿಲಿನಿಂದ ಬಂದೆ.

ಆದದ್ದೇನು? ಮತ್ತೆ ವೋಟು ಹಾಕಿಸಿದರೂ ಹನ್ನೆರಡು ಹನ್ನೆರಡು. ಸಮ ಬಂದರೆ ಅಧ್ಯಕ್ಷನಿಗೆ ಇನ್ನೊಂದು ವೋಟು ಹಾಕುವ ಅಧಿಕಾರವಿದೆ. ಹಾಕಿದೆ, ಎದ್ದು ಬಂದೆ. ಹಳೇ ತೀರ್ಮಾನವೇ ನಿಂತಿತು. ಬಡ್ಡಿ ಸೇರಿ ನಿನ್ನ ಬಾಕಿ ಬೆಳೆಯುತ್ತಿದೆ.

ಈ ವರ್ಷದಿಂದ ಗೌರಿ ಹಬ್ಬಕ್ಕೆ ನನ್ನ ಮನೆಯಿಂದ ನಿನಗೆ ಬಾಗಿನ ಬರುವುದಿಲ್ಲ. ನನಗೆ ತಂಗಿ ಇಲ್ಲ ಎಂದುಕೊಂಡಿದ್ದೇನೆ. ನಿನಗೂ ತವರಿಲ್ಲ ಎಂದು ತಿಳಿದುಕೋ.

ನಲ್ಲಪ್ಪ


ಮುಳಬಾಗಿಲು
21 ಜುಲೈ 2025

ಅಧ್ಯಕ್ಷರಿಗೆ,

ನೀವು ಎದ್ದು ಹೋದ ಮೇಲೆ ಮೀಟಿಂಗ್ ಮುಗಿಯಲಿಲ್ಲ. ನಡೆದದ್ದನ್ನು ನಿಮ್ಮ ಕಡೆಯವರು ಹೇಳಿರಲಾರರು, ಆದ್ದರಿಂದ ನಾನೇ ಬರೆಯುತ್ತೇನೆ.

ಮಹಾನಂದಾ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಬಾಡಿಗೆಯವರಿಗೆ ಮೀಟಿಂಗಿನಲ್ಲಿ ಮಾತಿಲ್ಲ ಎಂದು ನೀವು ಅವಳನ್ನು ಹೊರಗೆ ನಿಲ್ಲಿಸಿದ್ದಿರಿ. ಕೃಪಾ ಮೇಡಂ ಅವಳನ್ನು ಒಳಗೆ ಕರೆದು ಕೂರಿಸಿದರು. ಅವಳು ಜಾಸ್ತಿ ಮಾತಾಡಲಿಲ್ಲ. "ನಾವು ಇಂಥಾ ಬಿಲ್ಡಿಂಗ್ ಕಟ್ಟೋ ಮಂದಿ ರೀ. ಕಟ್ಟಿದ್ದು ನಮ್ ತಲಿ ಮ್ಯಾಲೆ ಬಿದ್ರ ಕೇಳಾಕ ಒಬ್ರಾದ್ರೂ ಬೇಕಲ್ರೀ" ಎಂದಳು.

ಆಮೇಲೆ ಹನ್ನೆರಡು ಮನೆಯವರು ಸೇರಿ ಒಂದು ಅರ್ಜಿಗೆ ರುಜು ಹಾಕಿದ್ದೇವೆ. ಮೂರರಲ್ಲಿ ಒಂದು ಪಾಲು ಮಾಲೀಕರು ಕೇಳಿದರೆ ವಿಶೇಷ ಮೀಟಿಂಗ್ ಕರೆಯಲೇಬೇಕು. ಆಗಸ್ಟ್ ಹತ್ತು, ಭಾನುವಾರ. ನಾವು ಕೇಳುವುದು ಮೂರೇ. ರಿಪೇರಿ ಖರ್ಚು ಚದರಡಿಯಂತೆ ಎಲ್ಲರಿಗೂ ಹಂಚಿಕೆಯಾಗಬೇಕು. ಟವರಿನ ಬಾಡಿಗೆ ಇನ್ನು ಸಂಘದ ಖಾತೆಗೆ ಬರಬೇಕು, ಸ್ಲ್ಯಾಬ್ ಸೀಳಿದ ಬೋಲ್ಟ್‌ಗಳನ್ನು ತೆಗೆಸಬೇಕು.

ತವರಿಲ್ಲ ಎಂದಿದ್ದೀರಿ. ಇಷ್ಟು ವರ್ಷ ಆ ಹೆಸರಿಗೆ ಹೆದರಿಯೇ ನೀವು ಹೇಳಿದಲ್ಲೆಲ್ಲ ನಾನು ರುಜು ಹಾಕಿದ್ದು. ಈಗ ಹೆದರಿಸಲು ನಿಮ್ಮ ಹತ್ತಿರ ಇನ್ನೇನು ಉಳಿದಿದೆ?

ಕೃಷ್ಣಮ್ಮ
ಮಾಲೀಕಳು, ಮನೆ ಸಂಖ್ಯೆ 401


ಕಾಡುಗೋಡಿ
30 ಜುಲೈ 2025

ಕೃಷ್ಣಮ್ಮನಿಗೆ,

ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದು ಓದಿದೆ. ಸಂಘಕ್ಕೆ ಕಳಿಸಿದ ಅರ್ಜಿಯೂ ಬಂದಿದೆ. ಹತ್ತು ಸಲ ಮೀಟಿಂಗ್ ಮಾಡಿಸು. ಎಷ್ಟು ಸಲ ಎಣಿಸಿದರೂ ನಿಮ್ಮದು ಹನ್ನೆರಡೇ.

ಒಂದು ಮಾತು ಹೇಳುತ್ತೇನೆ, ಕೇಳಿದರೆ ಕೇಳು. ನೀವೆಲ್ಲ ನನ್ನನ್ನು ಕಳ್ಳನನ್ನು ನೋಡಿದಂತೆ ನೋಡುತ್ತಿದ್ದೀರಿ. ನಾನು ಬೆಳಗ್ಗೆ ವಾಕಿಂಗ್ ಹೋದರೆ ಗೇಟಿನ ಸೆಕ್ಯುರಿಟಿಯವನು "ಯಾವ ಫ್ಲ್ಯಾಟ್ ಸಾರ್?" ಎಂದು ಕೇಳುತ್ತಾನೆ. ನಾನು ಉತ್ತ ನೆಲ ಅದು. ಪಾರ್ಕಿಂಗ್ ಅವರದ್ದು, ಗೇಟು ಅವರದ್ದು, ರೂಲ್ಸು ಅವರದ್ದು. ಈ ಊರಲ್ಲಿ ನನ್ನದು ಎಂದು ನಾನು ಬೆರಳು ಮಾಡಿ ತೋರಿಸಬಹುದಾದದ್ದು ಆ ತಾರಸಿ ಒಂದೇ. ಚದರಡಿ ಲೆಕ್ಕ ಬಂದರೆ ನನ್ನ ಏಳು ಮನೆಗೆ ಐದೂವರೆ ಲಕ್ಷದ ಮೇಲೆ ಹೋಗುತ್ತದೆ. ಟವರಿನ ದುಡ್ಡೂ ಹೋಗುತ್ತದೆ. ಅದನ್ನು ಬಿಡು. ಸೋತೆ ಎಂದು ಆ ಹುಡುಗರ ಮುಂದೆ ನಿಲ್ಲಲಾರೆ.

ಆ ಹೆಂಗಸಿಗೆ ಏಟಾಗಲಿ ಎಂದು ನಾನು ಬಯಸಿರಲಿಲ್ಲ. ಹೆಚ್ಚು ಏಟಾಗಿದೆ ಎಂದು ಆಮೇಲೆ ತಿಳಿಯಿತು.

ನಮ್ಮ ಮನೆಯಲ್ಲಾದರೂ ಎಲ್ಲರೂ ನನ್ನ ಜೊತೆಗಿದ್ದಾರೆ. ಅದು ಸಾಕು.

ನಲ್ಲಪ್ಪ


ಕಾಡುಗೋಡಿ
9 ಆಗಸ್ಟ್ 2025

ಮುನೇಶ್ವರ ರೆಸಿಡೆನ್ಸಿ ಮಾಲೀಕರ ಸಂಘದ ಅಧ್ಯಕ್ಷರಾದ ನಲ್ಲಪ್ಪನವರಿಗೆ, ಮನೆ ನಂಬರ್ 203ರ ಮಾಲೀಕಳು ಲಕ್ಷ್ಮಮ್ಮ ಮಾಡುವ ಅರಿಕೆ.

ನಾನು ಈ ಕಾಗದವನ್ನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಹಾಲ್‌ನಲ್ಲಿ ಟಿವಿ ನೋಡುತ್ತಿದ್ದೀರಿ. ಬಾಯಲ್ಲಿ ಹೇಳಿದರೆ ನೀವು ಸೌಂಡ್ ಜಾಸ್ತಿ ಮಾಡುತ್ತೀರಿ. ಮಹಾನಂದಾಳ ವಿಷಯವನ್ನು ಜೂನ್‌ನಿಂದ ಮೂರು ಸಲ ಹೇಳಿ ನೋಡಿದೆ, ಮೂರು ಸಲವೂ ಜಾಸ್ತಿ ಮಾಡಿದಿರಿ. ಅದಕ್ಕೆ ಕಾಗದ.

ಅವಳ ಮೇಲೆ ಗಾರೆ ಬಿದ್ದ ದಿನ ಕೂಗು ಕೇಳಿ, ಕಟ್ಟಡದ ಪಕ್ಕದ ನಮ್ಮ ಮನೆಯಿಂದ ಮೊದಲು ಓಡಿದವಳು ನಾನು. ನನ್ನ ಸೆರಗನ್ನೇ ಅವಳ ತಲೆಗೆ ಸುತ್ತಿ ಆಟೋದಲ್ಲಿ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ರಕ್ತ ನನ್ನ ಮಡಿಲಿಗೆ ಇಳಿಯುತ್ತಿತ್ತು. ಆ ಹೆಣ್ಣು ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು. "ಅವ್ವಾರ, ನಮ್ಮನ್ನ ಮನಿ ಬಿಡಸ್ತೀರೇನ್ರಿ?" ಇಲ್ಲ ಕಣವ್ವ ಎಂದೆ. ಮನೆಗೆ ಬಂದು ಸೀರೆ ನೆನೆಹಾಕುತ್ತಿದ್ದರೆ ನೀವು ಹಿಂದೆ ಬಂದು ನಿಂತು, "ಅವ್ರುನ್ನ ಖಾಲಿ ಮಾಡ್ಸಾಕೆ ಕೃಷ್ಣಿಗೆ ಕಾಗ್ದ ಆಕ್ತೀನಿ" ಎಂದಿರಿ. ಅವಳು ಬದುಕಿದ್ದಾಳಾ ಎಂದು ಕೇಳಲಿಲ್ಲ.

ಮುಳಬಾಗಿಲಿನಿಂದ ಕೃಷ್ಣಮ್ಮ ಬಂದಿದ್ದ ದಿನ ಆಸ್ಪತ್ರೆಯಲ್ಲಿ ನಾವಿಬ್ಬರೂ ಜೊತೆಗಿದ್ದೆವು. ನಾನು ಅಲ್ಲಿದ್ದೆ ಎಂದು ನಿಮಗೆ ಹೇಳಬೇಡ ಎಂದು ಕೇಳಿಕೊಂಡೆ. ಅವಳು ಹೇಳಲಿಲ್ಲ. ನನ್ನ ಪರ ವೋಟು ಹಾಕು ಎಂದೂ ಕೇಳಲಿಲ್ಲ. 203 ನನ್ನ ಹೆಸರಿನಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು. ನಡಾವಳಿಯಲ್ಲಿ ನನ್ನ ಹೆಸರಿನ ಎದುರು ಎರಡು ಸಲ "ಪರ" ಎಂದು ಬರೆದಿರುವುದನ್ನು ಕೃಪಾ ಮೇಡಂ ಮೊನ್ನೆ ತೋರಿಸಿದರು. ನಾನು ಯಾವತ್ತು ಪರ ಎಂದೆ?

ನನ್ನ ವೋಟು ಹಾಕಲು ನಿಮಗೆ ಕೊಟ್ಟಿದ್ದ ಒಪ್ಪಿಗೆಯನ್ನು ಈ ಮೂಲಕ ವಾಪಸ್ ತೆಗೆದುಕೊಂಡಿದ್ದೇನೆ. ಇದರ ಇನ್ನೊಂದು ಪ್ರತಿ ಸಂಜೆಯೇ ಕೃಪಾ ಮೇಡಂ ಕೈಸೇರಿದೆ. ಅಕ್ಷರ ಸೊಟ್ಟಗಿದ್ದರೂ ರುಜು ನನ್ನದೇ.

ನಾಳೆ ಬೆಳಗ್ಗೆ ಹತ್ತೂವರೆ ಮೀಟಿಂಗಿಗೆ ನಾನೇ ಬರುತ್ತೇನೆ. ಕೃಷ್ಣಮ್ಮನ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಚದರಡಿ ಲೆಕ್ಕಕ್ಕೇ ಕೈ ಎತ್ತುತ್ತೇನೆ. ಅಲ್ಲಿಗೆ ಅವರದ್ದು ಹದಿಮೂರು, ನಿಮ್ಮದು ಹನ್ನೊಂದು. 203ರ ಪಾಲಿಗೆ ಎಂಬತ್ತು ಸಾವಿರ ಬರುತ್ತದಂತೆ. ಹಸುಗಳ ಹಾಲಿನಿಂದ ಬಂದದ್ದು ಬ್ಯಾಂಕಿನಲ್ಲಿದೆ, ಅದರಲ್ಲೇ ಕಟ್ಟುತ್ತೇನೆ. ನಿಮ್ಮ ಹತ್ತಿರ ಕೇಳುವುದಿಲ್ಲ.

ಈ ಕಾಗದವನ್ನು ನಿಮ್ಮ ತಟ್ಟೆಯ ಪಕ್ಕ ಇಟ್ಟು ನಾನು 401ಕ್ಕೆ ಹೋಗುತ್ತೇನೆ. ಕೃಷ್ಣಮ್ಮ ಬಂದಿದ್ದಾಳೆ, ಅಲ್ಲೇ ಉಳಿದುಕೊಂಡಿದ್ದಾಳೆ. ಮುದ್ದೆ ಪಾತ್ರೆಯಲ್ಲಿದೆ, ಸಾರು ಒಲೆಯ ಮೇಲಿದೆ. ಇವತ್ತು ನೀವೇ ಬಡಿಸಿಕೊಳ್ಳಿ.

ಲಕ್ಷ್ಮಮ್ಮ